ಅಳಿಯಂದಿರು ಹಾಕಿಸಿದ ಬೋರ್ಡು

ನಮ್ಮ ಮನೆಗೆ ಬರುವವರು ಹಿತ್ತಲಿನಿಂದ ಬರಬೇಕು. ಮುಂಬಾಗಿಲು ಇಲ್ಲವೆಂದಲ್ಲ. ನಮ್ಮೆಜಮಾನರು ಬದುಕಿದ್ದಾಗ ಒಳ್ಳೆ ಸಾಗುವಾನಿಯಲ್ಲಿ ಮಾಡಿಸಿದ ಬಾಗಿಲು ಅದು. ಸಕ್ರೆಬೈಲಿನ ಆನೆ ಬಂದು ಹಣೆ ಕೊಟ್ಟು ತಳ್ಳಿದರೂ ಅಲ್ಲಾಡಬಾರದು ಎಂದು ಅವರು ಬಡಗಿಗೆ ಹೇಳಿದ್ದರು. ಬಡಗಿ ಮಾತು ಉಳಿಸಿಕೊಂಡ. ಈಗ ಆನೆ ತಳ್ಳಿದರೂ ಅಲ್ಲಾಡದು, ನಾನು ಎಳೆದರೂ ಅಲ್ಲಾಡದು. ಇದಕ್ಕೆ ಕಾರಣ ಭೂಕಂಪವಲ್ಲ, ಗೆದ್ದಲಲ್ಲ. ನಮ್ಮ ಅಳಿಯಂದಿರು.

ಅಳಿಯ ಉಮಾಮಹೇಶ್ವರರ ಬಗ್ಗೆ ನಾನು ಕೆಟ್ಟ ಮಾತು ಆಡುವವಳಲ್ಲ. ಬಂಗಾರದಂಥ ಮನುಷ್ಯ. ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಕಲಿಸುತ್ತಾರೆ. ಕಾಗದದ ಮೇಲೆ ಅಣೆಕಟ್ಟು ಬೇಕಾದರೂ ಕಟ್ಟುತ್ತಾರೆ, ಗೋಡೆಗೆ ಕ್ಯಾಲೆಂಡರ್ ಹಾಕಲು ಮೊಳೆ ಹೊಡೆಯಲು ಮಾತ್ರ ಪಕ್ಕದ ಮನೆಯವರು ಬರಬೇಕು. ಅವರಿಗೆ ಇರುವುದು ಒಂದೇ ಕಾಯಿಲೆ: ಹಿರಿಯರು ಏನು ಹೇಳಿದರೂ "ಆಗ್ಲಿ ಸಾರ್" ಎನ್ನುವುದು. ಮದುವೆ ಮಂಟಪದಲ್ಲಿ ಏಳು ಹೆಜ್ಜೆ ಮುಗಿದ ಮೇಲೆ ಪುರೋಹಿತರು ತಮಾಷೆಗೆ "ಇನ್ನೊಂದು ಇಡ್ತೀರೇನು?" ಅಂದರು. ಇವರು "ಆಗ್ಲಿ ಸಾರ್" ಎಂದು ಎಂಟನೆಯದನ್ನೂ ಇಟ್ಟರು. ನನ್ನ ಮಗಳು ವೇದಾ ಆಗಲೇ ತಲೆ ತಗ್ಗಿಸಿದ್ದು, ಜನ ನಾಚಿಕೆ ಅಂದುಕೊಂಡರು.

ಮದುವೆಯಾದ ಮೇಲೆ ಇಬ್ಬರೂ ನನ್ನ ಜೊತೆಯೇ ಇದ್ದಾರೆ. ಮನೆ ಅಳಿಯ ಎಂದರೆ ಅವರಿಗೆ ಬೇಸರ. ಅದಕ್ಕೇ ನಾವು ಅವರನ್ನು ಕಾರ್ಯದರ್ಶಿಗಳು ಅನ್ನುತ್ತೇವೆ.

ಯಾವುದರ ಕಾರ್ಯದರ್ಶಿ ಎಂದರೆ ಇಂಜಿನಿಯರುಗಳ ಸಂಘದ್ದು. ಅದರ ಹೆಡ್ಡಾಫೀಸು ಹೈದರಾಬಾದಿನಲ್ಲಿ; ಶಿವಮೊಗ್ಗಕ್ಕೂ ಭದ್ರಾವತಿಗೂ ಸೇರಿ ಒಂದು ಶಾಖೆ. ಶಾಖೆ ಎಂದರೆ ಏನೋ ಎಂದುಕೊಳ್ಳಬೇಡಿ. ಎರಡನೇ ಶನಿವಾರ ನಮ್ಮ ಮುಂದಿನ ಕೋಣೆಯಲ್ಲಿ ಹತ್ತಾರು ಹಿರಿಯರು ಸೇರುತ್ತಾರೆ, ದೇಶ ಎಲ್ಲಿ ತಪ್ಪಿತು ಎಂದು ಮಾತಾಡುತ್ತಾರೆ, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಾರೆ, ಅದರಲ್ಲಿ ಉಪ್ಪು ಎಲ್ಲಿ ತಪ್ಪಿತು ಎಂದೂ ಮಾತಾಡುತ್ತಾರೆ.

ಆದರೆ ಆ ಶಾಖೆಯಿಂದ ಒಂದು ನಿಜವಾದ ಉಪಕಾರವಿತ್ತು. ಡಿಪ್ಲೊಮಾ ಮಾಡಿ ಫ್ಯಾಕ್ಟರಿ ಸೇರಿದವರು ಸಂಘದ ಪರೀಕ್ಷೆ ಪಾಸು ಮಾಡಿದರೆ ಪೂರ್ತಿ ಇಂಜಿನಿಯರ್ ಆಗುತ್ತಾರಂತೆ. ಆ ಪರೀಕ್ಷೆಗೆ ನಮ್ಮೂರಿನಲ್ಲೇ ಒಂದು ಕೇಂದ್ರ ಕೊಟ್ಟಿದ್ದರು. ನಮ್ಮ ಹಿತ್ತಲ ಕಡೆಯ ಬಾಡಿಗೆ ಕೋಣೆಯಲ್ಲಿರುವ ಪುಷ್ಪಾ ಅದನ್ನೇ ಬರೆಯುತ್ತಿದ್ದಳು. ದಿನಾ ಬೆಳಗ್ಗೆ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಒಂದು ಫ್ಯಾಕ್ಟರಿಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ದುಡಿದು, ಬಂದು ಅನ್ನಕ್ಕಿಟ್ಟು, ಕುಕ್ಕರ್ ಮುಂದೆ ಪುಸ್ತಕ ಹಿಡಿಯುವ ಹುಡುಗಿ. ಕುಕ್ಕರ್ ಕೂಗಿದ್ದೂ ಕೇಳುತ್ತಿರಲಿಲ್ಲ. ಅವಳ ಅನ್ನ ಎಷ್ಟು ಸಲ ಸೀದಿದೆ ಎಂದರೆ ನಮ್ಮ ಬೀದಿಯ ನಾಯಿಗಳಿಗೆ ಈಗ ಬೆಳ್ಳಗಿನ ಅನ್ನ ರುಚಿಸುವುದಿಲ್ಲ. ಕೊನೆಯ ಸುತ್ತಿನ ಪರೀಕ್ಷೆ ಡಿಸೆಂಬರಿಗೆ ಇತ್ತು.

ನವರಾತ್ರಿ ಮುಗಿದಿತ್ತು. ಪಕ್ಕದ ಮನೆ ಲಿಂಗಪ್ಪ ಕಾಂಪೌಂಡಿನ ಮೇಲೆ ಕತ್ತು ಹಾಕಿ ಕೂಗಿದರು. ಬಸ್ ಕಂಡಕ್ಟರ್ ಆಗಿ ರಿಟೈರಾದವರು. ಸಾಗರದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗಿ ಬೆಳೆಸಿದ ಗಂಟಲು. ಆಗ ನಮ್ಮ ಬೀದಿಗೆಲ್ಲ ಅವರದೊಂದೇ ಫೋನು.

"ಉಮಾಮಹೇಶ್ವರಾ! ಹೈದರಾಬಾದ್ ಫೋನು! ಯಾರೋ ವೆಂಕಟರತ್ನಂ ಅಂತೆ! ಬೇಗ ಬಾ ಮಾರಾಯ, ಸಾಹೇಬ್ರು ಇಂಗ್ಲಿಷಲ್ಲಿ ಕಾಯ್ತಾ ಇದಾರೆ!"

ಅಳಿಯಂದಿರು ಪಂಚೆಯಲ್ಲೇ ಓಡಿದರು. ತಿರುಗಿ ಬಂದವರು ಮೇಜಿನ ಮುಂದೆ ಕೂತು ಬ್ಲೇಡಿನಿಂದ ಪೆನ್ಸಿಲ್ ಹೆರೆಯತೊಡಗಿದರು. ಅದು ಅವರ ಭಯದ ಗುರುತು. ಸ್ವಲ್ಪ ಭಯವಾದರೆ ಒಂದು ಪೆನ್ಸಿಲ್, ಜಾಸ್ತಿಯಾದರೆ ಡಬ್ಬಿಯಲ್ಲಿರುವುದೆಲ್ಲ. ಅವತ್ತು ನೆಲದ ಮೇಲೆ ಬಿದ್ದ ಸಿಪ್ಪೆ ನೋಡಿ ವೇದಾ ಸೌದೆ ಡಿಪೋ ಅಂದುಕೊಂಡಳು.

"ಏನ್ರೀ ಆಯ್ತು?"

"ಹೆಡ್ಡಾಫೀಸಿಂದ ವೆಂಕಟರತ್ನಂ ಸಾಹೇಬ್ರು ಬರ್ತಾರಂತೆ. ನಮ್ಮ ಕಟ್ಟಡ ನೋಡೋಕೆ."

"ಯಾವ ಕಟ್ಟಡ?"

"ಅದೇ... ಶಾಖೆಯ ಸ್ವಂತ ಕಟ್ಟಡ."

ವೇದಾ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಗೋಡೆ ಏನೂ ಹೇಳಲಿಲ್ಲ.

ನಿಧಾನಕ್ಕೆ ಬಾಯಿ ಬಿಡಿಸಿದೆವು. ಹೆಡ್ಡಾಫೀಸಿನವರು ಹೊಸ ರೂಲು ತಂದಿದ್ದರಂತೆ: ಶಾಖೆಗೆ ಸ್ವಂತ ಕಟ್ಟಡ ಇರಬೇಕು, ಅದಕ್ಕೆ ಕಾಯಂ ಬೋರ್ಡು ಇರಬೇಕು, ಇಲ್ಲದಿದ್ದರೆ ಶಾಖೆ ಮುಚ್ಚಿ ಹುಬ್ಬಳ್ಳಿಗೆ ಸೇರಿಸುವುದು. ಶಾಖೆಯ ಅಧ್ಯಕ್ಷರು ಗಂಗಾಧರಪ್ಪನವರು. ರಸ್ತೆ, ಸೇತುವೆ ಕಟ್ಟಿಸಿ ರಿಟೈರಾದ ಸಿವಿಲ್ ಇಂಜಿನಿಯರ್. ಅವರು ಆಗ ಹೇಳಿದ್ದರಂತೆ: "ಉಮಾಮಹೇಶ್ವರ್, ನಾವು ನಿಮ್ಮತ್ತೆಗೆ ಬಾಡಿಗೆ ಕೊಡ್ತೀವೇನ್ರಿ? ಇಲ್ಲ. ಬಾಡಿಗೇದಲ್ಲ ಅಂದ್ಮೇಲೆ ಸ್ವಂತದ್ದೇ ಆಯ್ತಲ್ಲ? ಹಾಗೇ ತಿಳಿಸಿಬಿಡಿ." ಇವರು ಏನು ಹೇಳಿರಬಹುದು ಎಂದು ನಿಮಗೆ ಗೊತ್ತು.

"ಈಗ ಶಾಖೆ ಹೋದ್ರೆ ಹೋಗ್ಲಿ ಬಿಡಿ, ಉಪ್ಪಿಟ್ಟಿನ ರವೆ ಉಳೀತು" ಎಂದೆ ನಾನು.

ಬಾಗಿಲ ಬಳಿ ಪುಷ್ಪಾ ನಿಂತಿದ್ದಳು. ಮೊಸರಿಗೆ ಹೆಪ್ಪು ಕೇಳಲು ಬಂದವಳು ಲೋಟ ಹಿಡಿದುಕೊಂಡೇ ಇದ್ದಳು.

"ಅಮ್ಮಾ, ಶಾಖೆ ಹೋದ್ರೆ ಸೆಂಟರೂ ಹೋಗುತ್ತೆ. ಇಲ್ಲಾದ್ರೆ ಬೆಳಗಿನ ಶಿಫ್ಟ್ ಮುಗಿಸ್ಕೊಂಡು ಮಧ್ಯಾಹ್ನ ಬಂದು ಪರೀಕ್ಷೆ ಬರೀತೀನಿ. ಹುಬ್ಬಳ್ಳೀಲಿ ಎರಡು ವಾರ ಉಳಿಯೋಕೆ ನಂಗೆ ರಜ ಕೊಡೋರು ಯಾರು?"

ಅಳಿಯಂದಿರು ಇನ್ನೊಂದು ಪೆನ್ಸಿಲಿಗೆ ಕೈ ಹಾಕಿದರು. ನಾನು ಅದನ್ನು ಕಿತ್ತುಕೊಂಡೆ.

"ಸಾಕು ಮಾಡಿ. ಒಂದು ಹಲಗೆ ತಗೊಳ್ಳಿ, ಹೆಸ್ರು ಬರೀರಿ, ಎರಡು ಮೊಳೆ ಹೊಡೀರಿ. ಬಂದವ್ರಿಗೆ ಪಾಯಸ ಹಾಕೋಣ. ಪಾಯಸ ಕುಡಿದವ್ರು ಕಟ್ಟಡ ಯಾರದು ಅಂತ ಕೇಳಲ್ಲ."

ಈ ಮಾತಿನಂತೆ ನಡೆದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ನಾನು ಮುಂಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದೆ.

ಸಂಘದಲ್ಲಿ ಒಂದು ಪದ್ಧತಿ ಇದೆ. ಯಾವ ಕೆಲಸದ ಡ್ರಾಯಿಂಗ್ ಆದರೂ ಕಮಿಟಿಯ ಹಿರಿಯರ ಮನೆಗಳನ್ನೆಲ್ಲ ಸುತ್ತಿ ಬರಬೇಕು. ಪ್ರತಿಯೊಬ್ಬರೂ ಏನಾದರೊಂದು ತಿದ್ದಬೇಕು. ತಿದ್ದದೆ ರುಜು ಹಾಕಿದರೆ ನೋಡಿಯೇ ಇಲ್ಲ ಎಂದು ಅರ್ಥ. ಇಷ್ಟು ವರ್ಷ ಇಂಜಿನಿಯರಿಕೆ ಮಾಡಿದವರು ಒಂದು ತಪ್ಪೂ ಹುಡುಕದಿದ್ದರೆ ಮರ್ಯಾದೆ ಉಳಿಯುತ್ತದೆಯೇ?

ಅಳಿಯಂದಿರು ಬರೆದದ್ದು ಹಲಸಿನ ಹಲಗೆ, ಎರಡು ಕೊಕ್ಕೆ. ಅದು ಮೊದಲು ಗಂಗಾಧರಪ್ಪನವರ ಮನೆಗೆ ಹೋಯಿತು.

"ಮರಾನಾ? ಆಷಾಢದ ಗಾಳೀಲಿ ನಿಮ್ಮ ಹಲಗೆ ಹಾರಿ ಹೋಗಿ ಯಾರ ತಲೆ ಮೇಲೆ ಬೀಳುತ್ತೋ! ತಗಡು ಹಾಕಿ. ಲೆಕ್ಕದ ಪ್ರಕಾರ ಎಷ್ಟು ಬೇಕೋ ಅದರ ಎರಡರಷ್ಟು ದಪ್ಪ. ಸೇಫ್ಟಿಗೆ ಇರ್ಲಿ."

"ಆಗ್ಲಿ ಸಾರ್."

ಅಲ್ಲಿಂದ ಶಿವಪ್ರಸಾದರಿಗೆ. ಕರೆಂಟಿನ ಇಂಜಿನಿಯರ್, ಕಮಿಟಿಯಲ್ಲಿ ಕಿರಿಯವರು, ಆದ್ದರಿಂದ ಎಲ್ಲರಿಗಿಂತ ಜೋರಾಗಿ ಮಾತಾಡುವವರು. "ರಾತ್ರಿ ಕಾಣೋದು ಬೇಡ್ವಾ? ಒಳಗೆ ಟ್ಯೂಬ್‌ಲೈಟು ಕೂರೋ ಹಾಗೆ ಡಬ್ಬಿ ಥರ ಮಾಡಿ. ತಗಡಿಗೆ ಸಿಡಿಲು ಹೊಡೀಬಹುದು, ತಾಮ್ರದ ಪಟ್ಟಿ ಇಳಿಬಿಡಿ. ಸೇಫ್ಟಿಗೆ."

ಅಲ್ಲಿಂದ ಬಸ್ಸು ಹತ್ತಿ ಭದ್ರಾವತಿಗೆ, ಏಕಾಂತಪ್ಪನವರ ಮನೆಗೆ. ಕಬ್ಬಿಣ ಕರಗಿಸುವುದರಲ್ಲೇ ತಲೆಗೂದಲು ಉದುರಿಸಿಕೊಂಡವರು. ಕಬ್ಬಿಣದ ಮುಂದೆ ಬೇರೆಲ್ಲ ಲೋಹವೂ ಅವರಿಗೆ ಹಪ್ಪಳ. ಡ್ರಾಯಿಂಗ್ ನೋಡಿ ಅವರು ಕನ್ನಡಕ ತೆಗೆದರಂತೆ.

"ತಗಡು! ಭದ್ರಾವತಿ ಹೆಸರು ತಗಡಿನ ಮೇಲೆ ಬರೀತೀಯೇನಯ್ಯಾ? ದಪ್ಪ ಕಬ್ಬಿಣದ ಪ್ಲೇಟ್ ಹಾಕು, ಪ್ಲೇಟು! ಸುತ್ತ ಆಂಗಲ್ ಫ್ರೇಮ್ ಕೊಡು. ಎಷ್ಟು ಬೇಕೋ ಅದರ ಡಬಲ್." ಆಮೇಲೆ ಹೆಸರು ಓದಿದರು. ಕನ್ನಡಕ ಮತ್ತೆ ಹಾಕಿಕೊಂಡರು. "ಇದೇನಿದು, 'ಶಿವಮೊಗ್ಗ-ಭದ್ರಾವತಿ ಶಾಖೆ'? ಮೆಂಬರುಗಳು ಎಲ್ಲಿಯವರು ಜಾಸ್ತಿ? ಭದ್ರಾವತಿ ಮೊದಲು ಬರ್ಬೇಕು."

"ಆಗ್ಲಿ ಸಾರ್."

ಗಂಗಾಧರಪ್ಪನವರಿಗೆ ಇದು ತಿಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಜಿಲ್ಲಾ ಕೇಂದ್ರ ಯಾವುದ್ರಿ? ಕಟ್ಟಡ ಇರೋದು ಎಲ್ಲಿ? ಶಿವಮೊಗ್ಗ ಎರಡನೇದಾಗಿ ಬಂದ್ರೆ ನಾನು ಆ ಬೋರ್ಡಿನ ಕೆಳಗೆ ನಡೆಯೋನಲ್ಲ."

"ಆಗ್ಲಿ ಸಾರ್."

ಇಬ್ಬರಿಗೂ ಆಗಲಿ ಎಂದವರು ಏನು ಮಾಡಬೇಕು? ಅಳಿಯಂದಿರು ಊಟ ಬಿಟ್ಟು ಯೋಚಿಸಿ ಒಂದು ದಾರಿ ಕಂಡುಹಿಡಿದರು: ಎರಡು ಮುಖದ ಬೋರ್ಡು. ಒಂದು ಕಡೆ ಶಿವಮೊಗ್ಗ-ಭದ್ರಾವತಿ, ಇನ್ನೊಂದು ಕಡೆ ಭದ್ರಾವತಿ-ಶಿವಮೊಗ್ಗ. ಗೋಡೆಗೆ ಅಂಟಿಸಿದರೆ ಒಂದು ಮುಖ ಗೋಡೆ ನೋಡುತ್ತದಲ್ಲ, ಅದಕ್ಕೇ ಬಾಗಿಲ ಮೇಲಿನ ಸಜ್ಜದ ಮೇಲೆ, ಗೋಡೆಗೆ ಅಡ್ಡಲಾಗಿ, ಬೀದಿಗೆ ಮೂತಿ ಚಾಚಿ ನಿಲ್ಲಿಸುವುದು. ಮೇಲುಗಡೆಯಿಂದ ಬಂದವರು ಶಿವಮೊಗ್ಗವನ್ನು ಮೊದಲು ಓದುತ್ತಾರೆ, ಕೆಳಗಿನಿಂದ ಬಂದವರು ಭದ್ರಾವತಿಯನ್ನು. ಎರಡು ಮುಖಕ್ಕೂ ಏಕಾಂತಪ್ಪನವರ ಪ್ಲೇಟು.

"ಸಜ್ಜ ತಡೆಯುತ್ತಾ?" ಎಂದು ನಾನು ಕೇಳಿದೆ.

"ಅತ್ತೆ, ಮೂರು ಜನ ಸೀನಿಯರ್ಸ್ ನೋಡಿದಾರೆ" ಎಂದರು.

ನೋಡಿದ್ದು ನಿಜ. ಆದರೆ ಗಂಗಾಧರಪ್ಪನವರು ನೋಡಿದ್ದು ತಗಡನ್ನು, ಶಿವಪ್ರಸಾದರು ನೋಡಿದ್ದು ಟ್ಯೂಬ್‌ಲೈಟನ್ನು, ಏಕಾಂತಪ್ಪನವರು ನೋಡಿದ್ದು ಭದ್ರಾವತಿಯನ್ನು. ನನ್ನ ಸಜ್ಜವನ್ನು ನೋಡಿದ್ದು ಒಂದು ಗುಬ್ಬಚ್ಚಿ. ಅದು ಮಾರನೇ ದಿನವೇ ಗೂಡು ಬದಲಾಯಿಸಿತು.

ಅಷ್ಟರಲ್ಲಿ ಬೀದಿಗೆ ಸುದ್ದಿ ಹಬ್ಬಿತ್ತು. ಫೋನಿನ ಪಕ್ಕ ನಿಂತು ಕೇಳಿದ ಲಿಂಗಪ್ಪನವರು "ಸ್ವಂತ ಕಟ್ಟಡ" ಎನ್ನುವುದೊಂದನ್ನು ಹಿಡಿದುಕೊಂಡು ಹಾಲಿನ ಬೂತಿಗೆ ಹೋಗಿದ್ದರು. ಹಾಲು ತರುವಷ್ಟರಲ್ಲಿ ನಾನು ಮನೆಯನ್ನು ಸಂಘಕ್ಕೆ ಬರೆದುಕೊಟ್ಟಾಗಿತ್ತು. ತರಕಾರಿ ಗಾಡಿ ಬರುವಷ್ಟರಲ್ಲಿ ನಾನು ಕಾಶಿಗೆ ಹೊರಟಾಗಿತ್ತು.

ಎದುರು ಮನೆಯ ಮೈತ್ರಿ ಮಿಕ್ಸಿ ಎತ್ತಿಕೊಂಡು ನನ್ನ ಹತ್ತಿರ ಬಂದಳು. "ಬಂಗಾರಮ್ಮಾ, ಇಂಜಿನಿಯರ್ ಆಫೀಸ್ ಆಯ್ತಂತಲ್ಲ. ಇದು ಗೊರ್ ಅಂತದೆ, ತಿರುಗಲ್ಲ. ಸ್ವಲ್ಪ ನೋಡೋಕೆ ಹೇಳಿ."

ಅವತ್ತು ಶನಿವಾರ, ಕಮಿಟಿ ಸೇರಿತ್ತು. ಎಲ್ಲರೂ ಮಿಕ್ಸಿಯ ಸುತ್ತ ಬಗ್ಗಿದರು. ಶಿವಪ್ರಸಾದರು ವೋಲ್ಟೇಜ್ ಅಂದರು, ಏಕಾಂತಪ್ಪನವರು ಬ್ಲೇಡಿನ ಕಬ್ಬಿಣ ಅಂದರು, ಗಂಗಾಧರಪ್ಪನವರು ಮಿಕ್ಸಿ ಇಟ್ಟ ಕಟ್ಟೆ ಮಟ್ಟವಾಗಿಲ್ಲ ಅಂದರು. ವೇದಾ ಬಂದು ಜಾರಿನೊಳಗೆ ಸಿಕ್ಕಿದ್ದ ಕೊಬ್ಬರಿ ಚೂರು ತೆಗೆದಳು. ಮೈತ್ರಿ ಹೋಗುವಾಗ ಜಾರನ್ನು ಎದೆಗೆ ಅಪ್ಪಿಕೊಂಡು ಹೋದಳು, ಯಾರಾದರೂ ಮತ್ತೆ ಬಿಚ್ಚಿಯಾರು ಎಂದು.

ಬೋರ್ಡು ಭದ್ರಾವತಿಯಿಂದ ಲಾರಿಯಲ್ಲಿ ಬಂತು. ಹಲಗೆ ಸೈಕಲ್ಲಿನಲ್ಲಿ ಬರುತ್ತದೆ, ತಗಡು ಆಟೋದಲ್ಲಿ ಬರುತ್ತದೆ, ಇದು ಲಾರಿಯಲ್ಲಿ ಬಂತು. ಲಾರಿಯ ಟೈರುಗಳು ಮದುವೆ ಮನೆಯಲ್ಲಿ ಮೂರು ಪಂಕ್ತಿ ಉಂಡವರ ಹಾಗೆ ಕೂತುಬಿಟ್ಟಿದ್ದವು. ಮತ್ತು ಬೋರ್ಡಿನ ಮೇಲೆ, ಅಂಬಾರಿಯ ಮೇಲೆ ಕೂತವರಂತೆ, ಟವೆಲ್ ಹೊದ್ದು ಕೂತಿದ್ದವರು ನನ್ನ ಮೈದುನ ಬಂಗಾರಪ್ಪ.

ಬಂಗಾರಪ್ಪ ಇರುವುದು ಭದ್ರಾವತಿಯ ಹಳೇ ಊರಿನಲ್ಲಿ. ಅಣ್ಣ ಸತ್ತ ಮೇಲೆ ಈ ಮನೆಯಲ್ಲಿ ತನಗೂ ಒಂದು ಪಾಲಿದೆ ಎಂದು ವರ್ಷಕ್ಕೊಮ್ಮೆ ಬಂದು ಊಟ ಮಾಡಿ ಹೇಳಿ ಹೋಗುವವರು. ಬೋರ್ಡು ಮಾಡುವ ವರ್ಕ್‌ಶಾಪಿನ ಮುಂದೆ ಹಾದು ಹೋಗುವಾಗ ಕೆಳಗಿನ ಸಾಲು ಕಣ್ಣಿಗೆ ಬಿದ್ದಿತ್ತಂತೆ: "ಸ್ವಂತ ಕಟ್ಟಡ". ಅದರ ಕೆಳಗೆ ನಮ್ಮ ಮನೆ ನಂಬರು.

"ಅತ್ತಿಗೆ!" ಮೇಲಿನಿಂದಲೇ ಕೂಗಿದರು. "ನನ್ನ ಕೇಳ್ದೆ ಮನೆ ಬರ್ಕೊಟ್ರಾ? ಅಣ್ಣ ಪೇಪರ್ ಮಿಲ್ಲಿನ ಕೆಲಸದಲ್ಲಿ ಕಾಗದನಗರದ ಕ್ವಾರ್ಟರ್ಸಲ್ಲಿದ್ದು ಹೊಟ್ಟೆ ಕಟ್ಟಿ ಕಟ್ಟಿಸಿದ ಮನೆ!"

"ಹೊಟ್ಟೆ ಕಟ್ಟಿದ್ದು ನಿಮ್ಮಣ್ಣ ಅಲ್ಲ ಬಂಗಾರಪ್ಪ, ನಾನು. ಅವ್ರಿಗೆ ದಿನಾ ಎರಡು ಸಲ ಕಾಫಿ ಬೇಕಿತ್ತು. ಇಳೀರಿ ಮೊದ್ಲು, ಬೋರ್ಡಿಗೆ ಭಾರ ಆಗ್ತಿದೆ."

"ಇಳಿಯಲ್ಲ. ಇದು ಮನೆ ಮೇಲೆ ಹತ್ಬೇಕಾದ್ರೆ ನನ್ನ ಜೊತೆಗೇ ಹತ್ಬೇಕು."

ಅಳಿಯಂದಿರು ಲಾರಿಯ ಕೆಳಗೆ ಕೈ ಮುಗಿದು ನಿಂತಿದ್ದರು. "ಆಗ್ಲಿ ಮಾವ" ಎಂದುಬಿಟ್ಟರು. ಹಾಗೆ ಹೇಳಿದ್ದಕ್ಕೆ ಬಂಗಾರಪ್ಪನವರೇ ಹೆದರಿ ಇಳಿದರು.

ಏರಿಸುವುದು ಹೇಗೆ? ಏಕಾಂತಪ್ಪನವರು ಚೈನ್ ಪುಲ್ಲಿ ತರಿಸಿದ್ದರು. ಮುಕ್ಕಾಲಿ ನಿಲ್ಲಿಸಿ, ಸರಪಳಿ ಎಳೆದು, "ಎಳೀರಿ! ಬಿಡಿ! ಎಳೀರಿ ಅಂದ್ನಲ್ಲಾ!" ಎಂದು ಇಡೀ ಬೀದಿ ಸೇರಿ ಎಳೆಯಿತು. ಲಿಂಗಪ್ಪನವರು ಹಳೇ ಅಭ್ಯಾಸದಿಂದ "ರೈಟ್! ರೈಟ್! ಹೋಲ್ಡಾನ್!" ಅನ್ನುತ್ತಿದ್ದರು. ಬೋರ್ಡು ಸಜ್ಜದ ಮೇಲೆ ಕೂತಾಗ ನಮ್ಮ ಮನೆ ಒಂದು ಶಬ್ದ ಮಾಡಿತು. ಮುದುಕಿ ಮಣೆಯ ಮೇಲೆ ಕೂರುವಾಗ ಮಾಡುವ ಶಬ್ದ. ನಾನು ಮುದುಕಿ, ನನಗೆ ಗೊತ್ತು. ಆ ಶಬ್ದ ಮಾಡಿ ಕೂತವರು ಬೇಗ ಏಳುವುದಿಲ್ಲ.

"ಏನದು?" ಎಂದರು ಗಂಗಾಧರಪ್ಪನವರು.

"ಸೆಟ್ಲ್ ಆಯ್ತು ಸಾರ್" ಎಂದರು ಶಿವಪ್ರಸಾದರು.

ಆಗ ಗಂಗಾಧರಪ್ಪನವರು ಮೊದಲ ಸಲ ಬೋರ್ಡನ್ನು ಬೆರಳಿನಿಂದ ತಟ್ಟಿ ನೋಡಿದರು. ಅವರ ಮುಖ ಸುಣ್ಣದ ಹಾಗಾಯಿತು. "ಏಕಾಂತಪ್ಪ, ಇದು ತಗಡಲ್ವಾ?"

"ತಗಡಾ? ನಾನು ಬದುಕಿರೋವಾಗ!"

"ನಾನು ಆಗಲೇ ಡಬಲ್ ಮಾಡಿದ್ದೆನಲ್ಲಾ!"

"ನೀವು ಡಬಲ್ ಮಾಡಿದ್ರಿ ಅಂತ ನಂಗೆ ಯಾರು ಹೇಳಿದ್ರು?"

ಎಲ್ಲರೂ ಅಳಿಯಂದಿರ ಕಡೆ ತಿರುಗಿದರು. ಅವರ ಕಿಸೆಯಲ್ಲಿ ಪೆನ್ಸಿಲ್ ಇತ್ತು, ಬ್ಲೇಡು ಇರಲಿಲ್ಲ. ಪಾಪ, ಉಗುರಿನಿಂದಲೇ ಹೆರೆಯಲು ನೋಡಿದರು.

"ಹೆದರಬೇಡಿ" ಎಂದು ಗಂಗಾಧರಪ್ಪನವರು ಸಜ್ಜಕ್ಕೆ ಸರ್ವೆ ಮರದ ಕಂಬ ಕೊಡಿಸಿದರು. ಕಂಬ ಜಾರದಂತೆ ಕಂಬಕ್ಕೊಂದು ಅಡ್ಡ ಕಂಬ, ಅದು ಜಾರದಂತೆ ಮತ್ತೊಂದು. ಸಂಜೆಯ ಹೊತ್ತಿಗೆ ನನ್ನ ಮನೆಯ ಮುಂದೆ ಗಣಪತಿ ಪೆಂಡಾಲಿನಷ್ಟು ಕಂಬಗಳಿದ್ದವು, ಗಣಪತಿ ಒಬ್ಬ ಇರಲಿಲ್ಲ. ಬಂಗಾರಪ್ಪ ಆ ಕಂಬಗಳ ನಡುವೆಯೇ ಚಾಪೆ ಹಾಸಿದರು. ಸಾಹೇಬರು ಬರಲಿ, ಅವರ ಬಾಯಿಂದಲೇ ಮನೆ ಯಾರದು ಎಂದು ಕೇಳಿಯೇ ಹೋಗುವುದಂತೆ.

ಬೆಳಗಾಯಿತು. ವೆಂಕಟರತ್ನಂ ಸಾಹೇಬರು ಹನ್ನೊಂದಕ್ಕೆ ಬರುವವರು. ನಾನೂ ವೇದಾಳೂ ಪಾಯಸಕ್ಕೆ ಶಾವಿಗೆ ಹುರಿಯುತ್ತಿದ್ದೆವು. ಪುಷ್ಪಾ ರಜ ಹಾಕಿ, ತನ್ನ ಪುಸ್ತಕಗಳನ್ನೆಲ್ಲ ತಂದು ಮುಂದಿನ ಕೋಣೆಯಲ್ಲಿ ಸಂಘದ ಲೈಬ್ರರಿ ಎಂದು ಜೋಡಿಸುತ್ತಿದ್ದಳು. ರಂಗೋಲಿ ಹಾಕೋಣವೆಂದು ನಾನು ಮುಂಬಾಗಿಲ ಚಿಲಕ ತೆಗೆದು ಎಳೆದೆ.

ಬರಲಿಲ್ಲ.

ವೇದಾ ಎಳೆದಳು. ಪುಷ್ಪಾ ಎಳೆದಳು. ಹೊರಗಿನಿಂದ ಬಂಗಾರಪ್ಪ ತಳ್ಳಿದರು. ಸಜ್ಜ ಇಳಿದು ಬಾಗಿಲ ಚೌಕಟ್ಟಿನ ಮೇಲೆ ಕೂತುಬಿಟ್ಟಿತ್ತು. ಚೌಕಟ್ಟು ಬಾಗಿಲನ್ನು ಕಚ್ಚಿ ಹಿಡಿದಿತ್ತು.

ಕಮಿಟಿಯವರು ಸೂಟು ಹಾಕಿಕೊಂಡು ಬಂದರು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ ಹಿಡಿದು ಮುಚ್ಚಿದ ಬಾಗಿಲ ಮುಂದೆ ಸಾಲಾಗಿ ನಿಂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

"ಒಳಗಿಂದ ಎಣ್ಣೆ ಬಿಡಿ" ಎಂದರು ಏಕಾಂತಪ್ಪನವರು.

"ಎಣ್ಣೆ ಬಿಟ್ಟು ಪೂಜೆನೂ ಮಾಡಿದೀನಿ" ಎಂದೆ.

"ಬಾಗಿಲು ಕುಯ್ಯೋಣ್ವಾ?" ಎಂದರು ಶಿವಪ್ರಸಾದರು.

"ಮುಟ್ಟಬೇಡಿ!" ಗಂಗಾಧರಪ್ಪನವರು ಎರಡೂ ಕೈ ಎತ್ತಿದರು. "ಈಗ ಸಜ್ಜವನ್ನ ಹಿಡಿದಿರೋದು ಆ ಬಾಗಿಲೇ!"

ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅದೇ ಹೊತ್ತಿಗೆ ಸಾಹೇಬರ ಕಾರು ಬಂತು.

ದಪ್ಪ ಕನ್ನಡಕದ, ಬೆಳ್ಳಿ ಕೂದಲಿನ ಗಂಭೀರ ಮನುಷ್ಯ. ಕಾರಿನಿಂದ ಇಳಿದು ಬೋರ್ಡು ನೋಡಿದರು. ಕಂಬಗಳನ್ನು ನೋಡಿದರು. ಆಚೆ ಹೋಗಿ ಇನ್ನೊಂದು ಮುಖ ಓದಿದರು. ಮತ್ತೆ ಈಚೆ ಬಂದು ಈ ಮುಖ ಓದಿದರು. ಕಾರಿನವನಿಗೆ ಗಾಡಿ ಸ್ವಲ್ಪ ದೂರ ನಿಲ್ಲಿಸು ಎಂದು ಕೈಸನ್ನೆ ಮಾಡಿದರು. ಅಳಿಯಂದಿರು ಹಾರ ಹಾಕಲು ಹೋಗಿ ತಮ್ಮ ಕೈಗೇ ಸುತ್ತಿಕೊಂಡರು. ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ "ದಿ ಡೋರ್... ಸಾರ್... ದಿ ಡೋರ್..." ಎಂದು ಅಲ್ಲೇ ನಿಂತರು, ಬಾಗಿಲ ಹಾಗೇ.

ಇನ್ನು ಸುಮ್ಮನಿದ್ದರೆ ಆಗದು ಎಂದು ನಾನು ಕಿಟಕಿಯಿಂದ ತೆಲುಗಿನಲ್ಲಿ ಕೂಗಿದೆ. ಭದ್ರಾವತಿಯ ಕಾಗದನಗರದಲ್ಲಿದ್ದಾಗ ನಮ್ಮ ಬಲಕ್ಕೆ ತೆಲುಗಿನವರು, ಎಡಕ್ಕೆ ತಮಿಳಿನವರು; ಮೂರನೇ ಕ್ಲಾಸಿನಲ್ಲಿ ಕಲಿತದ್ದು ಮರೆತೆ, ಗೋಡೆ ಆಚೆಯಿಂದ ಕಲಿತದ್ದು ಮರೆಯಲಿಲ್ಲ. "ಅಣ್ಣಗಾರೂ, ಈ ಬಾಗಿಲು ದೊಡ್ಡವರಿಗೆ. ನಮ್ಮಂಥ ಮನೆಯವರು ಹಿತ್ತಲಿನಿಂದ ಬರುತ್ತೇವೆ. ನೀವೂ ಬನ್ನಿ" ಎಂದೆ.

ಅವರ ಕನ್ನಡಕದೊಳಗೆ ಏನೋ ಮಿನುಗಿತು. ಸಂದಿಯಲ್ಲಿ ನಡೆದು, ಬಟ್ಟೆ ಒಗೆಯುವ ಕಲ್ಲು ದಾಟಿ, ಪುಷ್ಪಾಳ ತಂತಿಯ ಮೇಲಿನ ಲಂಗಕ್ಕೆ ತಲೆ ಬಗ್ಗಿಸಿ ಅಡುಗೆಮನೆಗೆ ಬಂದರು. ಹಿಂದೆಯೇ ಸೂಟು ಹಾಕಿದ ಮೂವರು, ಹಾರ ಸುತ್ತಿಕೊಂಡ ಒಬ್ಬರು, ಟವೆಲ್ ಹೊದ್ದ ಬಂಗಾರಪ್ಪ. ಅಡುಗೆಮನೆಯಲ್ಲಿ ನಿಲ್ಲಲು ಜಾಗವಿಲ್ಲದೆ ಶಿವಪ್ರಸಾದರು ರುಬ್ಬುವ ಕಲ್ಲಿನ ಮೇಲೆ ಕೂತರು.

ಸಾಹೇಬರಿಗೆ ಮಣೆ ಹಾಕಿ ಪಾಯಸ ಕೊಟ್ಟೆ. ಒಂದು ಲೋಟ ಮುಗಿಸಿದರು. ನನ್ನ ಎದೆ ಹಗುರವಾಯಿತು. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ತೆಲುಗಿನಲ್ಲಿ ಕೇಳಿಯೇಬಿಟ್ಟರು:

"ಅಮ್ಮಾ, ಈ ಮನೆ ಯಾರದು?"

ಪಾಯಸ ಸೋತಿತು. ಬಂಗಾರಪ್ಪ ಭದ್ರಾವತಿಯವರು, ತೆಲುಗು ಚೆನ್ನಾಗಿ ಬರುತ್ತದೆ. ಟವೆಲ್ ಹೆಗಲಿನಿಂದ ಸೊಂಟಕ್ಕಿಳಿಸಿ ಕಟ್ಟಿಕೊಂಡರು. ಸಂಘದ್ದು ಎಂದರೆ ಇಲ್ಲೇ ಜಗಳ. ನನ್ನದು ಎಂದರೆ ಶಾಖೆ ಹುಬ್ಬಳ್ಳಿಗೆ. ಒಲೆಯ ಹತ್ತಿರ ಪುಷ್ಪಾ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಅಳಿಯಂದಿರ ಕಣ್ಣು ಈಳಿಗೆಮಣೆಯ ಮೇಲಿತ್ತು. ಪೆನ್ಸಿಲ್ ಹೆರೆಯಲು ಅದೂ ಆದೀತು ಎಂದು ಯೋಚಿಸುತ್ತಿದ್ದರೆಂದು ಈಗಲೂ ನನ್ನ ಅನುಮಾನ.

ಸುಳ್ಳು ಹೇಳಲು ನನಗೆ ಬರುವುದಿಲ್ಲ, ದೊಡ್ಡದು ಮಾಡಿ ಹೇಳಲು ಬರುತ್ತದೆ. ಅವತ್ತು ಅದರ ಅಗತ್ಯವೂ ಬೀಳಲಿಲ್ಲ.

"ಗೋಡೆ ನಮ್ಮೆಜಮಾನರದು, ಬೋರ್ಡು ಸಂಘದ್ದು" ಎಂದೆ. "ಬೋರ್ಡು ತೆಗೆದರೆ ಗೋಡೆಯೂ ಬರುತ್ತದೆ. ಗೋಡೆ ತೆಗೆದರೆ ಬೋರ್ಡೂ ಬರುತ್ತದೆ. ಇನ್ನು ಯಾವುದು ಯಾರದು ಅಂತ ಓದಿದವರು ನೀವೇ ಹೇಳಿ ಅಣ್ಣಗಾರೂ."

ಸಾಹೇಬರು ನಗಲಿಲ್ಲ. "ಹಾಗಾದರೆ ಸ್ವಂತ ಕಟ್ಟಡ ಅಂತ ನಾನು ಬರೆಯೋಕಾಗಲ್ಲ, ಅಮ್ಮಾ" ಎಂದರು. ಅಳಿಯಂದಿರು ಗೋಡೆಗೆ ಒರಗಿದರು. ವೇದಾ ಅವರನ್ನು ಹಿಡಿದುಕೊಂಡಳು. ಅವಳಿಗೆ ಗಂಡ ಬಿದ್ದಾರು ಎನ್ನುವುದಕ್ಕಿಂತ ಗೋಡೆ ಬಿದ್ದೀತು ಎಂಬ ಭಯ.

ಆಗ ಪುಷ್ಪಾ ಮುಂದೆ ಬಂದಳು. "ಸಾರ್, ನಾನು ಕೊನೆ ಸುತ್ತು ಬರೀತಿದೀನಿ. ಭದ್ರಾವತಿಯಿಂದ ನನ್ನಂಥೋರು ತುಂಬ ಜನ ಬರೀತಾರೆ. ಕಟ್ಟಡ ಯಾಕೆ ಸ್ವಂತದ್ದೇ ಆಗ್ಬೇಕು ಸಾರ್?" ಗಂಗಾಧರಪ್ಪನವರು ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ದೇಶದ ವಿಷಯಕ್ಕೆ ಹೊರಟರು. ನಾನು ತಡೆದು ತೆಲುಗಿನಲ್ಲಿ ಹೇಳಿದೆ.

ಸಾಹೇಬರು ಅವಳನ್ನು ನೋಡಿದರು. "ಯಾಕೆಂದರೆ ಶಾಖೆಗಳು ಓಡಿಹೋಗುತ್ತವಮ್ಮಾ. ಇವತ್ತು ಒಂದು ಬಾಡಿಗೆ ಕೋಣೆ, ನಾಳೆ ಇನ್ನೊಂದು. ಒಂದೂರಿನಲ್ಲಿ ನಮ್ಮ ಶಾಖೆ ಹುಡುಕಿಕೊಂಡು ಹೋದರೆ ಅಲ್ಲಿ ಕ್ಷೌರದಂಗಡಿ ಇತ್ತು. ಶೇವಿಂಗ್ ಮಾಡಿಸಿಕೊಂಡು ಬಂದೆ. ಇದ್ದಲ್ಲೇ ಇರಲಿ ಅಂತಲೇ ಆ ರೂಲು." ಹೇಳುತ್ತಾ ಹೇಳುತ್ತಾ ತಾವೇ ತಡೆದರು. ಮಣೆಯಿಂದ ಎದ್ದರು. ಮುಂದಿನ ಕೋಣೆಗೆ ಹೋಗಿ ಆ ಬಾಗಿಲನ್ನು ಎರಡೂ ಕೈಯಿಂದ ಎಳೆದರು. ಕಾಲು ಕೊಟ್ಟು ಎಳೆದರು. ಆಮೇಲೆ ತಿರುಗಿ ಗಂಗಾಧರಪ್ಪನವರನ್ನು ಕೇಳಿದರು:

"ಈ ಬೋರ್ಡನ್ನು ಇಲ್ಲಿಂದ ಬೇರೆ ಕಡೆಗೆ ಸಾಗಿಸಬಹುದೇ?"

"ಸಾಧ್ಯವಿಲ್ಲ ಸಾರ್" ಎಂದರು ಗಂಗಾಧರಪ್ಪನವರು.

"ಗ್ಯಾಸ್ ಕಟಿಂಗ್?"

"ನನ್ನ ಕಬ್ಬಿಣಾನಾ!" ಎಂದರು ಏಕಾಂತಪ್ಪನವರು. "ಕಟ್ ಆಗೋದಕ್ಕೆ ಮುಂಚೆ ಮನೆ ಇಳಿಯುತ್ತೆ."

"ನೀವೇನು ಹೇಳುತ್ತೀರಿ?"

"ಅರ್ಥಿಂಗ್ ಕೂಡ ಮಾಡಿದೀವಿ ಸಾರ್" ಎಂದರು ಶಿವಪ್ರಸಾದರು.

ಮೂವರು ಇಂಜಿನಿಯರುಗಳು ಒಂದೇ ಮಾತು ಹೇಳಿದ್ದು ಶಾಖೆಯ ಇತಿಹಾಸದಲ್ಲಿ ಅದೇ ಮೊದಲು. ಸಾಹೇಬರ ಹೊಟ್ಟೆ ಕುಲುಕತೊಡಗಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಸ್ವಂತದ್ದಲ್ಲ ಅಂತಲೇ ಬರೆಯುತ್ತೇನೆ. ಆದರೆ ಇಷ್ಟು ಕಾಯಂ ಆದ ಶಾಖೆಯನ್ನು ನಾನು ಎಲ್ಲೂ ನೋಡಿಲ್ಲ ಅಂತಲೂ ಬರೆಯುತ್ತೇನೆ. ಇದನ್ನು ಹುಬ್ಬಳ್ಳಿಗೆ ಸೇರಿಸಬೇಕಾದರೆ ಹುಬ್ಬಳ್ಳಿಯನ್ನೇ ಇಲ್ಲಿಗೆ ತರಬೇಕು. ಸೆಂಟರ್ ಇಲ್ಲೇ ಇರಲಿ. ಅಮ್ಮಾ, ಇನ್ನೊಂದು ಲೋಟ ಪಾಯಸ ಇದೆಯಾ?"

ಪುಷ್ಪಾ ಬಂದು ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಸೌಟು ಕೈಬಿಟ್ಟಿತು. ಅಳಿಯಂದಿರು ಕೈಗೆ ಸುತ್ತಿದ್ದ ಹಾರ ಬಿಡಿಸಿ, ಸಾಹೇಬರನ್ನು ಬಿಟ್ಟು, ನನ್ನ ಕೊರಳಿಗೆ ಹಾಕಿದರು. ಗಂಡ ಸತ್ತವಳಿಗೆ ಹಾರವೇ ಎಂದು ಮೈತ್ರಿ ಕಿಟಕಿಯಲ್ಲಿ ಬಾಯಿ ಮೇಲೆ ಕೈಯಿಟ್ಟಳು. ಗಂಧದ ಹಾರ, ಘಮಘಮ ಅನ್ನುತ್ತಿತ್ತು. ನಾನು ತೆಗೆಯಲಿಲ್ಲ.

ಬಂಗಾರಪ್ಪ ಮೆಲ್ಲಗೆ ಗಂಗಾಧರಪ್ಪನವರ ಹತ್ತಿರ ಹೋದರು. "ಸಾರ್, ಈ ಮನೇಲಿ ಪಾಲು ಮಾಡಿ ನಡುವೆ ಒಂದು ಗೋಡೆ ಎಬ್ಬಿಸ್ಬಹುದಾ?"

"ಗೋಡೆ? ಒಂದು ಮೊಳೆ ಹೊಡೆದ್ರೂ ನಾನು ಜವಾಬ್ದಾರನಲ್ಲ."

ಬಂಗಾರಪ್ಪ ತಲೆಯೆತ್ತಿ ಸೂರು ನೋಡಿದರು. ಆಮೇಲೆ ಒಳಗೆ ಕೂರದೆ ಹಿತ್ತಲಿಗೆ ಹೋಗಿ, ಬಯಲಿನಲ್ಲಿ ಕೂತು ಊಟ ಮಾಡಿದರು. ಅವತ್ತಿನಿಂದ ಪಾಲಿನ ಮಾತು ಎತ್ತಿಲ್ಲ.

ಪುಷ್ಪಾ ಡಿಸೆಂಬರಿನಲ್ಲಿ ಪರೀಕ್ಷೆ ಬರೆದಳು, ಪಾಸಾದಳು, ಹಿತ್ತಲ ಬಾಗಿಲಿನಿಂದಲೇ ಪೇಡಾ ತಂದು ಕೊಟ್ಟಳು. ಪೂರ್ತಿ ಇಂಜಿನಿಯರ್ ಆದವಳಿಗೆ ನಾನು ಮೊದಲ ಕೆಲಸ ಹೇಳಿದೆ: "ನನ್ನ ಮುಂಬಾಗಿಲು ಬಿಡಿಸಿಕೊಡೇ ಮಾರಾಯ್ತಿ." ಅವಳು ಖುಷಿಯಾಗಿ ಡ್ರಾಯಿಂಗ್ ಮಾಡಿದಳು. ಅಳಿಯಂದಿರು ಅದನ್ನು ಪದ್ಧತಿ ಪ್ರಕಾರ ಹಿರಿಯರ ಮನೆಗಳಿಗೆ ಕಳಿಸಿದರು. ಅದು ಇನ್ನೂ ಸುತ್ತುತ್ತಿದೆ. ಸದ್ಯಕ್ಕೆ ಭದ್ರಾವತಿಯಲ್ಲಿ ಇದೆಯಂತೆ, ಡಬಲ್ ಆಗುತ್ತಿದೆಯಂತೆ.

ನಾನೂ ಹಿತ್ತಲಿಗೆ ಒಗ್ಗಿಕೊಂಡಿದ್ದೆ. ಆದರೆ ನಿನ್ನೆ ಬೆಳಗ್ಗೆ ಕಸ ಗುಡಿಸುವಾಗ ಅಡುಗೆಮನೆಯ ಹೊಸ್ತಿಲಲ್ಲಿ ಪೆನ್ಸಿಲ್ ಸಿಪ್ಪೆ ಕಂಡಿತು. ಒಂದೆರಡಲ್ಲ, ರಾಶಿ.

"ಏನು ಕಾರ್ಯದರ್ಶಿಗಳೇ, ಮತ್ತೆ ಯಾರು ಬರ್ತಾ ಇದಾರೆ?"

"ಯಾರೂ ಇಲ್ಲ ಅತ್ತೆ. ಬಂದೋರಿಗೆ ದಾರಿ ಗೊತ್ತಾಗ್ದೆ ಮುಂದಿನ ಬಾಗಿಲು ತಟ್ತಾ ನಿಲ್ತಾರಂತೆ. ಗಂಗಾಧರಪ್ಪನವರು ಹೇಳಿದ್ರು, ಹಿತ್ತಲ ಬಾಗಿಲ ಮೇಲೂ ಒಂದು ಬೋರ್ಡು ಬೇಕು ಅಂತ."

"ನೀವೇನಂದ್ರಿ?"

ಅವರು ತಲೆ ತಗ್ಗಿಸಿದರು. "ಸಣ್ಣದು ಅತ್ತೆ. ಹಲಸಿನ ಹಲಗೆ, ಎರಡೇ ಕೊಕ್ಕೆ."

ನಾನು ಪೊರಕೆ ಕೆಳಗಿಡಲಿಲ್ಲ. ಮಣೆ ತಂದು ಹಿತ್ತಲ ಹೊಸ್ತಿಲಿಗೆ ಅಡ್ಡಲಾಗಿ ಹಾಕಿ ಕೂತಿದ್ದೇನೆ. ಊಟವೂ ಇಲ್ಲೇ, ನಿದ್ದೆಯೂ ಇಲ್ಲೇ. ಬೋರ್ಡು ಬರಬೇಕಾದರೆ ನನ್ನ ಮೇಲೇ ಬರಬೇಕು. ನಾನು ಯಾವ ಸೀನಿಯರ್ ರುಜು ಇಲ್ಲದೆಯೂ ಕಾಯಂ.